ಹುಲ್ಲಿನ ಚಕ್ರದ ಒಳಸುತ್ತು

ಏಳನೆಯ ಕಂತು

ಮುದ್ದಯ್ಯನ ಬಲಗೈ ಮಣಿಕಟ್ಟು ದಾಟಿ ಹುಲ್ಲಿನ ಚಕ್ರದೊಳಕ್ಕೆ ಹೋಯಿತು. ಹೋಗಬಾರದಾಗಿತ್ತು.

ಬಾಣದ ಗುರಿಗೆಂದೇ ಸುತ್ತಿದ ಚಕ್ರ ಅದು. ಮೂರಡಿ ಅಗಲ, ಗೇಣಿಗಿಂತ ಹೆಚ್ಚು ದಪ್ಪ. ಮೂವತ್ತು ಮೀಟರಿನಿಂದ ಬಿಟ್ಟ ಬಾಣ ಅದರಲ್ಲಿ ನಾಲ್ಕು ಬೆರಳಿನಷ್ಟು ಇಳಿದು ಅಲ್ಲೇ ಕಚ್ಚಿಕೊಳ್ಳಬೇಕು. ಅಂಥ ಚಕ್ರದ ಬೆನ್ನಿನೊಳಗೆ ಒಬ್ಬ ಮುದುಕನ ಕೈ ರಾಗಿಹಿಟ್ಟಿನ ಮಡಕೆಗೆ ಇಳಿದ ಹಾಗೆ ಇಳಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಇದೇ ಚಕ್ರವನ್ನು ತೂರಿಕೊಂಡು ಹೋದ ಬಾಣ, ಹಿಂದೆ ಕುಕ್ಕರುಗಾಲಲ್ಲಿ ಕೂತು ಹಳೆಯ ಬಾಣ ಆಯುತ್ತಿದ್ದ ಪರಮಶಿವಯ್ಯ ಮೇಷ್ಟ್ರ ಪಕ್ಕೆಗೆ ನೆಟ್ಟಿತ್ತು. ಇವತ್ತು ಗುರುವಾರ. ತುಮಕೂರಿನ ಆಸ್ಪತ್ರೆಯಲ್ಲಿ ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಮುದ್ದಯ್ಯ ಕೈ ಹೊರಕ್ಕೆ ತೆಗೆದ. ಮುಷ್ಟಿಯ ತುಂಬ ಹಿಂಜಿದ ತೆಂಗಿನ ನಾರು. ಬಿಗಿಯಾಗಿ ಹೊಸೆದ ಹುಲ್ಲು ಇರಬೇಕಾದ ಕಡೆ, ಹಾಸಿಗೆಗೆ ತುಂಬುವ ಹಾಗೆ ಸಡಿಲವಾಗಿ ತುಂಬಿದ ನಾರು. ಮುಂಭಾಗದಲ್ಲಿ ಬಣ್ಣದ ವೃತ್ತ ಬರೆದ ಕಾಗದ ಹಾಗೆಯೇ ಇತ್ತು. ಮುಂದಿನಿಂದ ನೋಡಿದವರಿಗೆ ಚಕ್ರ ಗಟ್ಟಿಯಾಗಿಯೇ ಕಾಣುತ್ತಿತ್ತು.

ಅವನು ನಾರನ್ನು ಮೂಸಿದ, ಪಂಚೆಗೆ ಕೈ ಒರೆಸಿಕೊಂಡ, ಪಕ್ಕದ ತೆಂಗಿನ ಮರಕ್ಕೆ ಒರಗಿ ನಿಂತ. ಪೊಲೀಸ್ ಇಲಾಖೆಯಲ್ಲಿ ದಫೇದಾರನಾಗಿದ್ದು ಪೆನ್ಷನ್ ಪಡೆದು ಐದು ವರ್ಷವಾಗಿತ್ತು. ಈ ಹಿತ್ತಿಲಿನಲ್ಲಿ ಅವನಿಗೆ ಯಾವ ಅಧಿಕಾರವೂ ಇರಲಿಲ್ಲ. ಕಾವಲಿಗಿದ್ದ ಪೇದೆ ಹಿಂದೆ ಅವನ ಕೈಕೆಳಗೆ ಇದ್ದವನು. ಆ ದಾಕ್ಷಿಣ್ಯಕ್ಕೆ ಕಂಡೂ ಕಾಣದ ಹಾಗೆ ಬೀಡಿ ಸೇದುತ್ತಿದ್ದ.

ಎರಡು ವರ್ಷದ ಹಿಂದೆ ಇದು ಹೂವಿನ ಹಿತ್ತಿಲಾಗಿತ್ತು. ಗುಬ್ಬಿಯ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ ಪರಮಶಿವಯ್ಯನವರು ೧೯೮೧ರಲ್ಲಿ ನಿವೃತ್ತರಾದಾಗ, ಸೀಟಿಯನ್ನು ಮಾತ್ರ ಕೊರಳಿನಿಂದ ತೆಗೆಯಲಿಲ್ಲ. ಮಕ್ಕಳಿರಲಿಲ್ಲ. ಹೆಂಡತಿ ಗಂಗಾಂಬಿಕೆಯ ತಂಗಿಯ ಮಗಳು ಉಮಾಮಹೇಶ್ವರಿ ಅಮೃತೂರಿನಿಂದ ಕಾಲೇಜಿಗೆಂದು ಬಂದು ಇವರ ಮನೆಯಲ್ಲೇ ಉಳಿದಳು. ಒಂದು ದಿನ ತುಮಕೂರಿನ ಮೈದಾನದಲ್ಲಿ ಯಾರೋ ಬಿಲ್ಲು ಹಿಡಿದದ್ದನ್ನು ನೋಡಿಬಂದ ಹುಡುಗಿ, ತಾನೂ ಕಲಿಯಬೇಕು ಎಂದು ದೊಡ್ಡಪ್ಪನ ಹತ್ತಿರ ಹೇಳಿದಳು. ಕೆಲಸವಿಲ್ಲದೆ ಗೋಡೆ ನೋಡುತ್ತ ಕೂತಿದ್ದ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

ಮರುದಿನವೇ ಕನಕಾಂಬರದ ಪಾತಿ, ಕಾಕಡದ ಬಳ್ಳಿ ಎಲ್ಲ ಕಿತ್ತು ನೆಲ ಮಟ್ಟ ಮಾಡಿದರು. ಟೇಪು ಹಿಡಿದು ಮೂವತ್ತು ಮೀಟರು ಅಳೆದರು. ಬಾಣ ಬಿಡುವವರು ನಿಲ್ಲುವುದಕ್ಕೆ ಒಂದು ಕಲ್ಲುಚಪ್ಪಡಿ ಹೂಳಿದರು. ಆ ತುದಿಗೆ, ಬಾವಿಯ ಹೂಳು ತೆಗೆದಾಗ ಬಂದ ಮಣ್ಣನ್ನು ಹಾಕಿ ಎದೆಯೆತ್ತರ ದಿಬ್ಬ ಕಟ್ಟಿ, ಮೇಲೆ ಮರಳಿನ ಮೂಟೆ ಜೋಡಿಸಿದರು. ದಿಬ್ಬದ ಮುಂದೆ ಬೇವಿನ ಮರದ ಗಿಡ್ಡ ನಿಲುವು. ನಿಲುವಿನ ಮೇಲೆ ಹುಲ್ಲಿನ ಚಕ್ರ. ತಗ್ಗಿ ಬಂದ ಬಾಣ ತಡೆಯಲು ಚಕ್ರದ ಕೆಳಗೆ ನೆಲ ಮುಟ್ಟುವ ಗೋಣಿಪರದೆ.

ನಿಲುವು, ಚಕ್ರ ಎರಡೂ ಬಡಗಿ ಕರೀಂ ಸಾಬನ ಕೈಕೆಲಸ. ಗುಬ್ಬಿಯ ಸುತ್ತಿನ ಹುಲ್ಲು ಗಿಡ್ಡ ಎಂದು ಅವನು ಒಪ್ಪಲಿಲ್ಲ. ಮಾರ್ಕೋನಹಳ್ಳಿ ನಾಲೆಯ ಗದ್ದೆಯಿಂದ ಉದ್ದನೆಯ ನೆಲ್ಲುಹುಲ್ಲು ಒಂದು ಗಾಡಿ ತರಿಸಿ, ನೆನೆಹಾಕಿ, ಬಡಿದು, ತೋಳುಗಾತ್ರ ಹೊಸೆದು, ಸುತ್ತಿ, ದಬ್ಬಳದಲ್ಲಿ ತೆಂಗಿನ ಹುರಿ ಪೋಣಿಸಿ ಸುತ್ತುಸುತ್ತಿಗೂ ಹೊಲಿದ. ಅದಕ್ಕೆ ಹದಿನೈದು ದಿನ ಹಿಡಿಯಿತು. ಅವನ ಮಗಳು ರಝಿಯಾಳೂ ಅಲ್ಲೇ ಬಿಲ್ಲು ಹಿಡಿದು ಕಲಿತಳು.

ಆ ಹದಿನೈದು ದಿನ ಮುದ್ದಯ್ಯನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೆ ಮೊದಲು ಕೆರೆ ಏರಿಯ ಮೇಲೆ ಸಂಜೆ ಮೂವರು ಕೂರುತ್ತಿದ್ದರು. ಮೇಷ್ಟ್ರು, ಕರೀಂ ಸಾಬ್, ತಾನು. ಇಪ್ಪತ್ತು ವರ್ಷದ ಅಭ್ಯಾಸ. ಚಕ್ರ ಸುತ್ತಲು ಶುರುಮಾಡಿದ ದಿನದಿಂದ ಆ ಇಬ್ಬರೂ ಏರಿಯ ಕಡೆ ತಲೆ ಹಾಕಲಿಲ್ಲ. ತಾನೇ ಹಿತ್ತಿಲಿಗೆ ಬಂದರೆ, ‘ಆ ಕಡೆ ನಿಂತ್ಕೊ, ಅಡ್ಡ ಬರಬ್ಯಾಡ’ ಎನ್ನುತ್ತಿದ್ದರು. ಎಂಟು ತಿಂಗಳ ಹಿಂದೆ ಅವನ ಹೆಂಡತಿ ಹನುಮಂತಮ್ಮ ತೀರಿಕೊಂಡಾಗ ಹನ್ನೊಂದನೆಯ ದಿನದ ಊಟಕ್ಕೆ ಬಂದ ಅವರಿಬ್ಬರೂ, ಎಲೆಯ ಮುಂದೆ ಕೂತು ಹುಲ್ಲಿನ ಮಾತಾಡಿದ್ದರು.

ಮಂಗಳವಾರ ಸುದ್ದಿ ಬಂದಾಗ, ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು, ಅವನ ಎದೆಯೊಳಗೆ ಏನೋ ಒಂದು ತಣ್ಣಗಾಗಿತ್ತು. ಆಗಬೇಕಾದ್ದು ಆಯಿತು ಎಂಬ ಹಾಗೆ. ಆಮೇಲೆ ದೇವರ ಗೂಡಿನ ಮುಂದೆ ಬಿದ್ದು ಅತ್ತಿದ್ದ. ಆದರೂ ಆ ತಣ್ಣಗಾದದ್ದು ಸುಳ್ಳಾಗಲಿಲ್ಲ.

ಬೆಳಿಗ್ಗೆ ಠಾಣೆಗೆ ಹೋಗಿ ಕರೀಂ ಸಾಬನನ್ನು ಕಂಡು ಬಂದಿದ್ದ. ಹೊಸ ಸಬ್‌ಇನ್ಸ್‌ಪೆಕ್ಟರು ಚುರುಕಿನವನು, ತಾನು ಕಂಡದ್ದೇ ಸತ್ಯ ಎನ್ನುವ ವಯಸ್ಸು. ಅವನ ಲೆಕ್ಕ ಸರಳವಾಗಿತ್ತು. ಬರುವ ಭಾನುವಾರ ತುಮಕೂರಿನಲ್ಲಿ ಜಿಲ್ಲೆಯ ತಂಡಕ್ಕೆ ಆಯ್ಕೆ. ಮೇಷ್ಟ್ರು ಉಮಾಳ ಹೆಸರು ಮಾತ್ರ ಕೊಟ್ಟು ರಝಿಯಾಳ ಹೆಸರು ಬಿಟ್ಟಿದ್ದರು. ಸೋಮವಾರ ಸಂಜೆ ಬೀದಿಗೆಲ್ಲ ಕೇಳುವ ಹಾಗೆ ಕರೀಂ ಸಾಬ್ ಜಗಳವಾಡಿದ. ಮಂಗಳವಾರ ಅವನೇ ಸುತ್ತಿದ ಚಕ್ರದಲ್ಲಿ ಬಾಣ ತೂರಿತು. ನಾಲ್ಕು ಗಂಟೆಗೆ ಜೀಪು ಅವನನ್ನು ತುಮಕೂರಿನ ಕೋರ್ಟಿಗೆ ಕರೆದೊಯ್ಯಲಿತ್ತು. ಮೇಷ್ಟ್ರ ಉಸಿರು ನಿಂತರೆ ಕೇಸು ಕೊಲೆಯದಾಗುತ್ತದೆ.

ಕಂಬಿಯ ಹಿಂದೆ ಕರೀಂ ಸಾಬ್ ನೆಲ ನೋಡುತ್ತ ಹೇಳಿದ್ದ.

“ಜಗಳ ಆಡ್ದೆ ಕಣಣ್ಣ. ಆಡ್ದೆ ಇರ್ತೀನಾ? ನನ್ನ ಮಗಳು ಅವ್ನ ಕಣ್ಣಿಗೇ ಬೀಳ್ಲಿಲ್ಲ. ಆದ್ರೆ ನಾನು ಸುತ್ತಿದ್ದು ಸಡ್ಲ ಆಗಾಕಿಲ್ಲ. ಹೋಗಿ ನೋಡು. ಕೈ ಇಟ್ಟು ನೋಡು.”

ಅದಕ್ಕೇ ಮುದ್ದಯ್ಯ ಬಂದು ಕೈ ಇಟ್ಟಿದ್ದ.

ಚಕ್ರವೊಂದೇ ಆಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಈ ಹಿತ್ತಿಲಿಗೆ ಮೇಷ್ಟ್ರು ಮಾಡಿದ ಕಟ್ಟಳೆ ಇತ್ತು. ಒಂದು ಉದ್ದನೆಯ ಸೀಟಿ ಕೇಳಿದರೆ ಬಾಣ ಬಿಡಬಹುದು. ಎರಡು ಸಲ ಕೇಳಿದರೆ ಬಿಲ್ಲು ಇಳಿಸಬೇಕು. ಚಕ್ರದ ಹಿಂದೆ ಬಾಣ ಆಯಲು ಹೋಗುವವರು ಪಕ್ಕದ ಗೂಟಕ್ಕೆ ಕೆಂಪು ಬಾವುಟ ಕಟ್ಟಿಯೇ ಹೋಗಬೇಕು. ಮೇಷ್ಟ್ರು ತಾವೇ ಒಂದು ದಿನವೂ ತಪ್ಪಿದವರಲ್ಲ. ಆದರೆ ಅವತ್ತು ಒಳಗಿನಿಂದ ಬಂದ ಉಮಾ ನೋಡಿದಾಗ ಗೂಟದ ಮೇಲೆ ಬಾವುಟವಿರಲಿಲ್ಲ. ಬಾವಿಕಟ್ಟೆಯ ಕಡೆಯಿಂದ ಒಂದು ಉದ್ದನೆಯ ಸೀಟಿ ಕೇಳಿಸಿತು. ದೊಡ್ಡಪ್ಪ ಅಲ್ಲಿದ್ದಾರೆಂದುಕೊಂಡು ಬಾಣ ಬಿಟ್ಟಳು. ಗೋಣಿಪರದೆಯ ಹಿಂದೆ ಕೂತಿದ್ದವರು ಅವಳಿಗೆ ಕಾಣಲಿಲ್ಲ.

ಬಾವುಟ ಎಲ್ಲೂ ಸಿಗಲಿಲ್ಲ. ಮೇಷ್ಟ್ರ ಕೊರಳಲ್ಲಿ ಸೀಟಿಯೂ ಇರಲಿಲ್ಲ.

ಹುಡುಗಿ ಸುಳ್ಳು ಹೇಳುತ್ತಿದ್ದಾಳೆಯೇ? ಕುಣಿಗಲ್ಲಿನಲ್ಲಿ ಡ್ರಿಲ್ ಮೇಷ್ಟ್ರಾಗಿರುವ ಷಡಕ್ಷರಿ, ಪರಮಶಿವಯ್ಯನವರ ತಮ್ಮ, ಅವತ್ತು ಬೆಳಿಗ್ಗೆ ಗುಬ್ಬಿಯಲ್ಲೇ ಇದ್ದ. ಊರೆಲ್ಲ ಅಣ್ಣನ ಹೆಸರು ಹೇಳುವುದನ್ನು ಕೇಳಿ ಕೇಳಿ ಅವನ ಮುಖ ಕಪ್ಪಿಟ್ಟಿದ್ದನ್ನು ಮುದ್ದಯ್ಯ ಕಂಡಿದ್ದ. ಹೆಸರು ಬಿಟ್ಟುಹೋದ ರಝಿಯಾ ಮಂಗಳವಾರ ಎಲ್ಲಿದ್ದಳು ಎಂದು ಯಾರೂ ಕೇಳಿರಲಿಲ್ಲ.

ಅದೆಲ್ಲ ಆಮೇಲೆ, ಮೊದಲು ಕೈಗೆ ಸಿಕ್ಕಿದ್ದು ನೋಡೋಣ ಎಂದುಕೊಂಡು ಮುದ್ದಯ್ಯ ಚಕ್ರದ ಬೆನ್ನಿಗೆ ಮತ್ತೆ ಬಗ್ಗಿದ.

ನಡುಭಾಗದ ಹುಲ್ಲು ಕಿತ್ತು ನಾರು ತುಂಬಿದವರು, ಅದು ಉದುರದ ಹಾಗೆ ಮೇಲೊಂದು ಮುಚ್ಚಳ ಸುತ್ತಿದ್ದರು. ಎರಡು ಬೆರಳು ದಪ್ಪದ ಹುಲ್ಲಿನ ಸುತ್ತು; ಬಾಣ ತೂರಿದ ಕಡೆ ಅದು ಬಾಯಿ ಬಿಟ್ಟಿತ್ತು, ಅವನ ಕೈ ಇಳಿದದ್ದು ಅಲ್ಲೇ. ಕರೀಂ ಸಾಬ್ ಎಡಗೈಯವನು. ಅವನ ಹೊರಸುತ್ತೆಲ್ಲ ಎಡಕ್ಕೆ ತಿರುಗಿತ್ತು. ಈ ಒಳಸುತ್ತು ಮಾತ್ರ ಬಲಕ್ಕೆ, ದೇವರಿಗೆ ಪ್ರದಕ್ಷಿಣೆ ಹಾಕುವ ಹಾಗೆ. ಕರೀಂ ಸಾಬ್ ಸುತ್ತಿನ ಕೊನೆಯನ್ನು ಹೊರಗೆ ಗಂಟು ಹಾಕುತ್ತಿದ್ದ. ಇಲ್ಲಿ ಗಂಟೇ ಇರಲಿಲ್ಲ. ಕೊನೆಯನ್ನು ಜಡೆಯ ಹಾಗೆ ಮೂರು ಎಳೆ ಮಾಡಿ, ಒಂದನ್ನು ಬಿಟ್ಟು ಒಂದರ ಕೆಳಗೆ ಒಳಕ್ಕೆ ತುರುಕಲಾಗಿತ್ತು. ಅಂಚು ಕೈಗೆ ಎಲ್ಲೂ ಚುಚ್ಚುತ್ತಿರಲಿಲ್ಲ. ಕದ್ದು ಮಾಡಿದ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟು ಯಾರಿಗೆ ಬೇಕಾಗಿತ್ತು?

ಮುದ್ದಯ್ಯ ಆ ತುದಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದ. ಈ ತುದಿಯನ್ನು ಅವನು ದಿನಾ ಮುಟ್ಟುತ್ತಿದ್ದ.

ಮನೆ ಎರಡು ಬೀದಿಯ ಆಚೆ. ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಹನುಮಂತಮ್ಮನ ಸಿಂಬಿ ನೇತಾಡುತ್ತಿತ್ತು. ನೀರಿನ ಬಿಂದಿಗೆ ತಲೆಯ ಮೇಲೆ ನಿಲ್ಲಲಿ ಎಂದು ಹೆಂಗಸರು ಇಟ್ಟುಕೊಳ್ಳುವ ಹುಲ್ಲಿನ ಬಳೆ. ಬೆಳಿಗ್ಗೆ ಕಾಫಿ ಕಾಯಿಸಲು ಹೋದಾಗಲೆಲ್ಲ ಅವನು ಅದನ್ನು ಒಮ್ಮೆ ಮುಟ್ಟುತ್ತಿದ್ದ. ಈಗ ಮೊಳೆಯಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಕೈಚೀಲದಲ್ಲಿ ಹಾಕಿಕೊಂಡು ಮತ್ತೆ ಹೊರಟ. ಕಾಲು ಬಾರದಿದ್ದರೂ ಹೊರಟ.

ಅಷ್ಟರಲ್ಲಿ ಗಂಗಾಂಬಿಕೆ ತುಮಕೂರಿನ ಬಸ್ಸಿಳಿದು ಮನೆಗೆ ಬಂದಿದ್ದಳು. ಪೇದೆ ಊಟಕ್ಕೆ ಹೋಗಿದ್ದ. ಆಕೆ ಸ್ನಾನ ಮಾಡಿ, ಶಿವಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಹಿಂದಿನ ಪಡಸಾಲೆಯ ಒಲೆಯ ಮೇಲೆ ಗಂಜಿಗಿಟ್ಟಿದ್ದಳು. ಗೋಡೆಯ ಗೂಟದಲ್ಲಿ ರಝಿಯಾಳ ಬಿಲ್ಲು ನೇತಾಡುತ್ತಿತ್ತು. ಉಮಾಳದ್ದನ್ನು ಪೊಲೀಸರು ಒಯ್ದಿದ್ದರು.

“ಬನ್ನಿ ಮುದ್ದಣ್ಣ. ಒಂದು ಗಂಟೆ ಬಸ್ಸಿಗೆ ಹಿಂದಕ್ಕೆ ಹೋಗ್ಬೇಕು. ಗಂಜಿ ಬಾಯಿಗೆ ತಗೊಳ್ಳಲ್ಲ ಅವ್ರು. ಆದ್ರೂ ತಗೊಂಡು ಹೋಗ್ತೀನಿ.”

ಉಮಾ ಎಲ್ಲಿ ಎಂದು ಕೇಳಿದ. ಆಸ್ಪತ್ರೆಯಲ್ಲೇ ಇದ್ದಾಳೆ, ಷಡಕ್ಷರಿಯೂ ಅಲ್ಲೇ ಇದ್ದಾನೆ, ಮನೆಯಲ್ಲಿ ತಾನೊಬ್ಬಳೇ ಎಂದಳು. ಹುಡುಗಿ ಎರಡು ದಿನದಿಂದ ದೊಡ್ಡಪ್ಪನ ಕಾಲು ಬಿಟ್ಟಿಲ್ಲವಂತೆ. ಹೇಳುವಾಗ ಆಕೆಯ ತುಟಿ ಒಂದು ಕಡೆಗೆ ಸೊಟ್ಟಗಾಯಿತು. “ಅಲ್ಲೂ ನನಗೆ ಜಾಗ ಇಲ್ಲ” ಎಂದು ಸೇರಿಸಿ, ನಗೆಯಲ್ಲಿ ಮುಚ್ಚಿದಳು.

ಮುದ್ದಯ್ಯ ಜಗಲಿಯ ಮೇಲೆ ಕೂತು ಕೈಚೀಲದಿಂದ ಸಿಂಬಿ ತೆಗೆದು ಮುಂದಿಟ್ಟ.

ಗಂಗಾಂಬಿಕೆ ಸೌಟು ಬಿಟ್ಟು ಹತ್ತಿರ ಬಂದಳು. “ಇದು ಹನುಮಂತಕ್ಕನ್ದು.”

“ನೀವೇ ಸುತ್ತಿ ಕೊಟ್ಟಿದ್ದು. ಸಿಹಿನೀರ ಬಾವಿಗೆ ಜೊತೇಲಿ ಹೋಗ್ತಿದ್ರಲ್ಲ.”

“ಇನ್ನೂ ಇಟ್ಕೊಂಡಿದ್ದೀರಾ?”

“ಬಿಸಾಕೋಕೆ ಕೈ ಬರ್ಲಿಲ್ಲ. ಅಕ್ಕ, ಇದರ ತುದಿ ಎಲ್ಲಿದೆ? ನನಗೆ ಯಾವತ್ತೂ ಸಿಗೋದೇ ಇಲ್ಲ.”

ಆಕೆಯ ಬೆರಳು ನೋಡದೆಯೇ ಅಲ್ಲಿಗೆ ಹೋಯಿತು. ಮೂರು ಎಳೆ, ಒಂದನ್ನು ಬಿಟ್ಟು ಒಂದರ ಕೆಳಗೆ. “ಇಲ್ಲಿ. ನಮ್ಮಮ್ಮ ಕಲಿಸಿದ್ದು. ಅಮೃತೂರು ಕಡೆ ಹಿಂಗೇ. ಗುಬ್ಬಿಯೋರು ಗಂಟು ಹಾಕ್ತಾರೆ, ತಲೆಗೆ ಒತ್ತುತ್ತೆ.”

“ಇವತ್ತು ಇನ್ನೊಂದು ನೋಡ್ದೆ. ಇದರ ಒಡಹುಟ್ಟಿದ್ದು. ಸ್ವಲ್ಪ ದೊಡ್ಡದು.”

ಗಂಗಾಂಬಿಕೆಯ ಬೆರಳು ನಿಂತುಹೋಯಿತು.

ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿಗೆ ಬಿದ್ದು ಚುಂಯ್ ಎಂದಿತು. ಆಕೆ ಎದ್ದು ಹೋಗಿ ಕೊಳ್ಳಿ ಹೊರಗೆಳೆದು, ಪಾತ್ರೆ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಳು.

“ಪೊಲೀಸು ಬುದ್ಧಿ ಪೆನ್ಷನ್ ಆದ್ರೂ ಬಿಡಲ್ಲ” ಎಂದಳು, ಬೆನ್ನು ತಿರುಗಿಸಿಕೊಂಡೇ. “ಹುಲ್ಲು ಯಾರು ಬೇಕಾದ್ರೂ ಸುತ್ತಬೌದು. ಉಮಾ ಸುತ್ತಿರಬೌದು.”

ಉಮಾ ತಲೆಯ ಮೇಲೆ ಬಿಂದಿಗೆ ಇಟ್ಟವಳಲ್ಲ, ನಲ್ಲಿಯ ಕಾಲದವಳು ಎಂದು ಮುದ್ದಯ್ಯ ಹೇಳಬಹುದಾಗಿತ್ತು. ಹೇಳಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಒಂದು ಪಾಠ ಕಲಿತಿದ್ದ. ಬಾಯಿ ಬಿಡಿಸಬೇಕಾದರೆ ಮೊದಲು ತನ್ನ ಬಾಯಿ ಬಿಡಬೇಕು.

“ಅಕ್ಕ, ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಿಲ್ಲ. ಬಾಣ ಬಿತ್ತು ಅಂದಾಗ ನನಗೆ ಮೊದಲು ಸಂತೋಷ ಆಯ್ತು.”

ಆಕೆ ತಿರುಗಿದಳು.

ಅವನು ನಿಧಾನವಾಗಿ ಎಲ್ಲ ಹೇಳಿದ. ಕೆರೆ ಏರಿಯ ಮೇಲೆ ಒಬ್ಬನೇ ಕೂತ ಸಂಜೆಗಳನ್ನು, ಹನ್ನೊಂದನೆಯ ದಿನದ ಎಲೆಯ ಮುಂದಿನ ಹುಲ್ಲಿನ ಮಾತನ್ನು. ಈ ಹಿತ್ತಿಲಿನಿಂದ ಮೇಷ್ಟ್ರ ಸೀಟಿ ಕೇಳಿಸಿದಾಗಲೆಲ್ಲ ಕಿಟಕಿ ಮುಚ್ಚುತ್ತಿದ್ದುದನ್ನು. ಒಂದು ಹುಲ್ಲಿನ ಚಕ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದ.

ಗಂಗಾಂಬಿಕೆ ಬಂದು ಜಗಲಿಯ ಇನ್ನೊಂದು ತುದಿಗೆ ಕೂತಳು. ಸಿಂಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ನೀವೊಬ್ಬರೇ ಅಲ್ಲ ಬಿಡಿ” ಎಂದಳು.

ಆಮೇಲೆ ಆಕೆಯೂ ಹೇಳತೊಡಗಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡ ಊಟ ಮಾಡಿದೆಯಾ ಎಂದು ಕೇಳಿದ್ದು ಆಕೆಗೆ ನೆನಪಿರಲಿಲ್ಲ. ಒಳ್ಳೆಯವರೇ. ಬೈದವರಲ್ಲ, ಹೊಡೆದವರಲ್ಲ. ಆದರೆ ಮಾತು ಕಡಿಮೆ, ಅವರ ಸ್ವಭಾವವೇ ಹಾಗೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಆ ಹುಡುಗಿ ಬಂದ ಮೇಲೆ ಗೊತ್ತಾಯಿತು, ಸ್ವಭಾವ ಹಾಗಲ್ಲವೆಂದು. ಬೆಳಿಗ್ಗೆ ಐದಕ್ಕೆ ಎದ್ದು ಅವಳಿಗೆ ತಾವೇ ಹಾಲು ಕಾಯಿಸುತ್ತಿದ್ದರು. ಮೊಳಕೈ ನೇರ ಮಾಡಿಸಿ, ಉಸಿರು ಹಿಡಿಸಿ, ಬಾಣ ನೆಟ್ಟಾಗ ಮಗುವಿನಂತೆ ಕೈ ತಟ್ಟುತ್ತಿದ್ದರು. ಅಡಿಗೆಮನೆಯಲ್ಲಿ ಕೂತು ಆಕೆ ದಿನಾ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

“ನನ್ನ ಹೂವಿನ ಪಾತಿ ಕಿತ್ತಾಗ ಕೇಳ್ದೆ. ಪೂಜೆಗೆ ಏನ್ ಮಾಡ್ಲಿ ಅಂತ. ಹೂವು ಸಂತೇಲೂ ಸಿಗುತ್ತೆ ಅಂದ್ರು. ಸಿಗುತ್ತೆ ಅಣ್ಣ. ಆ ಹುಡುಗಿಗೆ ದಿನಕ್ಕೆ ನೂರು ಸಲ ಶಭಾಷ್ ಅಂತಿದ್ರಲ್ಲ, ಅದು ಸಂತೇಲಿ ಸಿಗ್ತದಾ?”

ಮುದ್ದಯ್ಯ ಹೂವಿಲ್ಲದ ಹಿತ್ತಿಲ ಕಡೆ ನೋಡಿದ.

“ಬಾವುಟಕ್ಕೆ ಕೆಂಪು ಬಟ್ಟೆ ಬೇಕು ಅಂದ್ರು. ಪೆಟ್ಟಿಗೇಲಿದ್ದ ನನ್ನ ಧಾರೆ ಸೀರೆ ಹರಿದ್ರು. ಹಳೇದು ತಾನೆ ಅಂದ್ರು.”

ಸೋಮವಾರ ಮಧ್ಯಾಹ್ನ ಮೇಷ್ಟ್ರು, ಕರೀಂ ಸಾಬ್ ಇಬ್ಬರೂ ಹೆಸರು ಕೊಡಲು ತುಮಕೂರಿಗೆ ಹೋಗಿದ್ದರು. ಉಮಾ ಕಾಲೇಜಿನಲ್ಲಿದ್ದಳು. ಗಂಗಾಂಬಿಕೆ ಕುಡುಗೋಲು ಹಿಡಿದು ಚಕ್ರದ ಬೆನ್ನು ಬಿಚ್ಚಿದಳು. ಎರಡು ಬಾಣ ಬಿದ್ದರೆ ಚಕ್ರ ಜೋತುಬೀಳುತ್ತದೆ, ಹೊಸದು ಸುತ್ತಲು ಹದಿನೈದು ದಿನ ಬೇಕು, ಭಾನುವಾರದ ಆಯ್ಕೆ ತಪ್ಪಿಹೋಗುತ್ತದೆ. ಅಷ್ಟೇ ಆಕೆಯ ಎಣಿಕೆ. ಬಾಣ ಆಚೆಗೆ ತೂರಿದರೂ ಮಣ್ಣಿನ ದಿಬ್ಬವಿದೆ, ಬಾವುಟವಿದೆ, ಮನುಷ್ಯರಿಗೆ ತಗಲುವುದಿಲ್ಲ ಎಂದುಕೊಂಡಿದ್ದಳು. ನಾರು ತುಂಬಿದ ಮೇಲೆ ಹಾಗೆಯೇ ಬಿಟ್ಟುಬರಬಹುದಾಗಿತ್ತು. ಆದರೆ ಕೈ ಒಪ್ಪಲಿಲ್ಲ. ಅರ್ಧ ಸುತ್ತಿದ್ದನ್ನು ತುದಿ ಸೇರಿಸದೆ ಬಿಟ್ಟು ಎದ್ದವಳಲ್ಲ ಆಕೆ.

“ಕರೀಮಣ್ಣನ ಕೆಲಸ ಕೆಟ್ಟದ್ದು ಅಂತ ಅವ್ರಿಗನ್ನಿಸ್ಲಿ, ಇಬ್ಬರೂ ಮಾತು ಬಿಡ್ಲಿ ಅಂತಾನೂ ಇತ್ತು. ಸುಳ್ಳು ಯಾಕೆ ಹೇಳ್ಲಿ, ವಿಭೂತಿ ಹಚ್ಕೊಂಡಿದೀನಿ. ಆದ್ರೆ ಕರೀಮಣ್ಣ ಜೈಲಿಗೆ ಹೋಗ್ಲಿ ಅಂತಲ್ಲ. ನನ್ನ ಯಜಮಾನ್ರಿಗೆ ಬಾಣ...” ಮುಂದೆ ಆಕೆಗೆ ಆಗಲಿಲ್ಲ.

ಆ ಹೊತ್ತಿನಲ್ಲೂ ಮುದ್ದಯ್ಯನೊಳಗೆ ಒಂದು ಅಸೂಯೆಯ ಮುಳ್ಳು ಆಡಿತು. ಈಕೆಯ ಗಂಡ ಇನ್ನೂ ಉಸಿರಾಡುತ್ತಿದ್ದಾನೆ. ನಾಳೆ ಕಣ್ಣು ಬಿಟ್ಟರೆ ಈಕೆ ಕಾಲಿಗೆ ಬಿದ್ದು ಕ್ಷಮೆ ಕೇಳಬಹುದು. ತನಗೆ ಆ ಬಾಗಿಲು ಮುಚ್ಚಿ ಎಂಟು ತಿಂಗಳಾಯಿತು.

ಗಂಟೆ ಹನ್ನೆರಡೂಕಾಲು. ನಾಲ್ಕಕ್ಕೆ ಜೀಪು. ಈಕೆ ಠಾಣೆಗೆ ಬಂದು ಹೇಳಿದರೆ ಕರೀಂ ಸಾಬ್ ಉಳಿಯುತ್ತಾನೆ, ಆ ಕಂಬಿಯ ಹಿಂದೆ ಈಕೆ ಕೂರುತ್ತಾಳೆ. ಹೇಳದಿದ್ದರೆ ಮಾಡದ ತಪ್ಪಿಗೆ ಗೆಳೆಯ ಹೋಗುತ್ತಾನೆ.

“ಅಕ್ಕ, ಬಾವುಟ ನೀವು ತೆಗೆದ್ರಾ?”

“ಇಲ್ಲ. ಶಿವನಾಣೆ.”

“ಸೀಟಿ?”

“ಮಂಗಳವಾರ ಆ ಹೊತ್ತಲ್ಲಿ ನಾನು ಪೂಜೆಗೆ ಕೂತಿದ್ದೆ. ಲಿಂಗ ಕೈಯಲ್ಲಿತ್ತು. ಸೀಟಿ ನನಗೂ ಕೇಳಿಸ್ತು. ಅವ್ರೇ ಊದಿದ್ರು ಅಂದ್ಕೊಂಡೆ.”

ನಂಬಬೇಕೆನಿಸಿತು. ಆದರೆ ಸಬ್‌ಇನ್ಸ್‌ಪೆಕ್ಟರಿಗೆ ಅನಿಸಿಕೆ ಸಾಲದು, ವಸ್ತು ಬೇಕು. ಕಿತ್ತ ಹುಲ್ಲು ಏನಾಯಿತು, ಹಸುವಿಗೆ ಹಾಕಿದಿರಾ ಎಂದು ಕೇಳಿದ. ಆಕೆ ಇಲ್ಲವೆಂದು ತಲೆಯಾಡಿಸಿದಳು. ಎರಡು ವರ್ಷ ಬಾಣ ತಿಂದ ಹುಲ್ಲು, ಮುರಿದ ಮೊನೆ ಏನಾದರೂ ಒಳಗಿದ್ದು ಹಸುವಿನ ಹೊಟ್ಟೆಗೆ ಹೋದರೆ? ಅದಕ್ಕೆ ಒಂದು ಗೋಣಿಚೀಲಕ್ಕೆ ತುಂಬಿ, ದಿಬ್ಬದ ಬುಡದಲ್ಲಿ ಒಣಗಿದ ತೆಂಗಿನ ಗರಿಯ ರಾಶಿಯೊಳಗೆ ಇಟ್ಟಿದ್ದಳು. ಗಂಡನ ವಿಚಾರದಲ್ಲಿ ಇಲ್ಲದ ಎಚ್ಚರ ಹಸುವಿನ ವಿಚಾರದಲ್ಲಿತ್ತು ಎಂದು ತನ್ನನ್ನೇ ಚುಚ್ಚಿಕೊಂಡಳು.

ಇಬ್ಬರೂ ಎದ್ದು ಹಿತ್ತಿಲಿಗೆ ಇಳಿದರು. ಬಿಸಿಲು ನೆತ್ತಿಯ ಮೇಲಿತ್ತು. ತೆಂಗಿನ ಮರಗಳ ನೆರಳು ಬುಡಕ್ಕೆ ಸುತ್ತಿಕೊಂಡಿತ್ತು. ಕಲ್ಲುಚಪ್ಪಡಿ ದಾಟಿ, ಮೂವತ್ತು ಮೀಟರು ನಡೆದು, ಚಕ್ರವನ್ನು ಬಳಸಿಕೊಂಡು ಹಿಂದೆ ಹೋದರು. ನೆಲದ ಮೇಲೆ ಮೇಷ್ಟ್ರ ರಕ್ತ ಕಪ್ಪಗೆ ಒಣಗಿತ್ತು. ಗಂಗಾಂಬಿಕೆ ಅದನ್ನು ತುಳಿಯದೆ ಪಕ್ಕಕ್ಕೆ ಸರಿದು, ಗರಿಯ ರಾಶಿಗೆ ಕೈ ಹಾಕಿ ಚೀಲ ಎಳೆದಳು. ಗೋಣಿಪರದೆಯ ಹಿಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು.

ಚೀಲದ ಬಾಯಿಗೆ ಕಟ್ಟಿದ್ದ ಹುರಿಯನ್ನು ನೋಡಿದ ಆಕೆಯ ಕೈ ತಡೆಯಿತು.

“ಇದು ನಾನು ಕಟ್ಟಿದ್ದಲ್ಲ.”

“ಅಂದ್ರೆ?”

“ನಾನು ಗಂಟು ಹಾಕಲ್ಲ. ಬಾಯಿ ತಿರುಚಿ ಒಳಕ್ಕೆ ತುರುಕಿದ್ದೆ. ಯಾರೋ ಬಿಚ್ಚಿದಾರೆ.”

ಮುದ್ದಯ್ಯ ಹುರಿಯನ್ನು ಬೆರಳಲ್ಲಿ ತಿರುವಿದ. ತೆಂಗಿನ ಹುರಿಯಲ್ಲ. ನಯವಾದ ನೂಲು, ಜೇನುಮೇಣ ತಿಕ್ಕಿ ಹುರಿಮಾಡಿದ್ದು, ಬೆರಳಿಗೆ ಅಂಟುತ್ತಿತ್ತು. ಬಿಲ್ಲಿನ ಹೆದೆಯ ನೂಲು. ಈ ಮನೆಯಲ್ಲಿ ಮೇಷ್ಟ್ರನ್ನು ಬಿಟ್ಟರೆ ಅದನ್ನು ಕೈಯಲ್ಲಿ ಹಿಡಿಯುತ್ತಿದ್ದವರು ಇಬ್ಬರು ಹುಡುಗಿಯರು, ಮತ್ತು ರಜೆಗೆ ಬಂದಾಗ ಬಿಲ್ಲು ಮುಟ್ಟುತ್ತಿದ್ದ ಷಡಕ್ಷರಿ.

ಗಂಟು ಬಿಚ್ಚಿದ. ಮೇಲೆಯೇ, ಹುಲ್ಲಿನ ಮೇಲೆ, ಮಡಿಸಿಟ್ಟ ಕೆಂಪು ಬಟ್ಟೆ.

ಗಂಗಾಂಬಿಕೆ ಅದನ್ನು ಎತ್ತಿ ಬಿಡಿಸಿದಳು. ಜರಿ ಮಾಸಿದ ಅಂಚು. ಧಾರೆ ಸೀರೆಯ ತುಂಡು. ಸೋಮವಾರ ಚೀಲ ಇಟ್ಟಾಗ ಇದು ಗೂಟದ ಪಕ್ಕದ ಡಬ್ಬಿಯಲ್ಲಿತ್ತು ಎಂದು ಪಿಸುಮಾತಿನಲ್ಲಿ ಹೇಳಿದಳು.

ಮುದ್ದಯ್ಯನಿಗೆ ಎಲ್ಲ ಒಮ್ಮೆಗೇ ತಿಳಿಯಿತು. ಸೋಮವಾರ ಮಧ್ಯಾಹ್ನ ಈಕೆ ಒಬ್ಬಳೇ ಇರಲಿಲ್ಲ. ಯಾರೋ ನೋಡಿದ್ದರು. ನೋಡಿ ಕೂಗಲಿಲ್ಲ, ತಡೆಯಲಿಲ್ಲ. ಚಕ್ರ ಪೊಳ್ಳಾಗುವುದನ್ನು ಕಣ್ಣಾರೆ ಕಂಡು, ಒಂದು ರಾತ್ರಿ ಕಾದು, ಬೆಳಿಗ್ಗೆ ಮೇಷ್ಟ್ರು ಹಿಂದೆ ಕೂತ ಮೇಲೆ ಬಾವುಟ ಬಿಚ್ಚಿ ಸೀಟಿ ಊದಿದ್ದರು. ಆಮೇಲೆ ಬಾವುಟ ತಂದು ಈಕೆಯ ಚೀಲದಲ್ಲೇ ಇಟ್ಟಿದ್ದರು. ಈಕೆಯ ಹೊಟ್ಟೆಕಿಚ್ಚು ಹುಲ್ಲಿನಷ್ಟು. ಅದಕ್ಕೆ ಕಿಡಿ ಇಟ್ಟವರದು ಬೇರೆ, ಅದರ ಆಳ ಇನ್ನೂ ಕಂಡಿರಲಿಲ್ಲ.

“ಅಕ್ಕ, ಸೋಮವಾರ ನೀವು ಇಲ್ಲಿದ್ದಾಗ ಹಿತ್ತಿಲ ಬಾಗಿಲು...”

ಮಾತು ಮುಗಿಯಲಿಲ್ಲ.

ಬಾವಿಕಟ್ಟೆಯ ಕಡೆಯಿಂದ ಸೀಟಿ ಕೇಳಿಸಿತು. ಒಂದು. ಉದ್ದನೆಯದು, ನಡುಕವಿಲ್ಲದ್ದು.

ಗಂಗಾಂಬಿಕೆಯ ಬಾಯಿ ತೆರೆದೇ ಉಳಿಯಿತು. ಮುದ್ದಯ್ಯ ಆಕೆಯ ತಲೆ ಹಿಡಿದು ನೆಲಕ್ಕೆ ಒತ್ತಿದ. ಗೋಣಿಪರದೆಯ ಅಂಚು ಎರಡು ಬೆರಳು ಸರಿಸಿ ಒಂದು ಕಣ್ಣಿಂದ ನೋಡಿದ. ಆ ತುದಿಯಲ್ಲಿ ಪಡಸಾಲೆಯ ಬಿಳಿ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಗೋಡೆಯ ಗೂಟ ಬರಿದಾಗಿತ್ತು. ರಝಿಯಾಳ ಬಿಲ್ಲು ಅಲ್ಲಿರಲಿಲ್ಲ.

ಅವರ ಮುಂದೆ, ತಲೆಯ ನೇರಕ್ಕೆ, ಅವನೇ ಕೈ ಹಾಕಿ ನೋಡಿದ ಪೊಳ್ಳು ಹುಲ್ಲಿನ ಚಕ್ರ. ಕೆಂಪು ಬಾವುಟ ಗಂಗಾಂಬಿಕೆಯ ಮುಷ್ಟಿಯಲ್ಲಿ. ಪಕ್ಕದ ಗೂಟದ ಮೇಲೆ ಏನೂ ಇಲ್ಲ.

ಮುದ್ದಯ್ಯ ಉಸಿರು ಹಿಡಿದು ಎರಡನೆಯ ಸೀಟಿಗೆ ಕಾದ.

ಅದು ಬರಲಿಲ್ಲ.